ಮೇಕೆ ಬಾಗಿಲಲ್ಲಿ ನಿಂತ ಪುಟ

2024ರ ಜೂನ್ ಮೊದಲ ವಾರ ನನ್ನ ತಂಗಿಯನ್ನು ನೆದರ್‌ಲ್ಯಾಂಡ್ಸ್‌ನಿಂದ ವಿಜಯನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಹಿಂದಿನ ಚಳಿಗಾಲದಲ್ಲಿ ಅಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆದಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಬಲಗೈ ಏಳುತ್ತಿರಲಿಲ್ಲ, ಬಲಗಾಲನ್ನು ಎಳೆದು ನಡೆಯುತ್ತಿದ್ದಳು. ಪೂರ್ತಿ ನಿಂತುಹೋಗಿದ್ದ ಮಾತು, ಅಲ್ಲಿನ ಆಸ್ಪತ್ರೆಯವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ ಸ್ವಲ್ಪ ವಾಪಸ್ ಬಂದಿತ್ತು. ಬಂದದ್ದು ಡಚ್. ಕನ್ನಡ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

ನಾನು ಕನ್ನಡ ದಿನಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಅಮ್ಮನ ಜೊತೆಯೇ ಇದ್ದೇನೆ. ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಕೃಷಿ ಓದಿ, ಕೆಂಗೇರಿಯಾಚೆ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದ ತರಬೇತಿಗೆಂದು ಹೋದವಳು ಹೂವಿನ ತೋಟಗಾರರೊಬ್ಬರ ಬಳಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದಳು. ಒಂಟಿಯಾಗಿಯೇ ಇದ್ದಳು. ಇಪ್ಪತ್ತು ವರ್ಷದಲ್ಲಿ ನಾವು ಅವಳನ್ನು ಕಂಡದ್ದು ರಜೆಗೆ ಬಂದಾಗ ಮಾತ್ರ.

ಆಸ್ಪತ್ರೆಯಿಂದ ಬಿಡುವ ಹೊತ್ತಿಗೆ ಅವಳನ್ನು ಇಲ್ಲಿಗೆ ಕರೆತರುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಅಮ್ಮ, ಅಮ್ಮನ ತಮ್ಮನಾದ ನಮ್ಮ ಸೋದರಮಾವ ಮತ್ತು ನಾನು. ಅವಳನ್ನು ಕೇಳಿ ಮಾಡಿದ ತೀರ್ಮಾನವಲ್ಲ. ಕೇಳುವ ಭಾಷೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವಳ ಪಕ್ಕದ ಮನೆಯವರು ಬಂದರು. ಎಪ್ಪತ್ತು ದಾಟಿದ ಹೆಂಗಸು, ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸೂಟ್‌ಕೇಸಿನಲ್ಲಿ ನಾನು ಮಡಿಸಿಟ್ಟಿದ್ದ ಸ್ವೆಟರ್‌ಗಳನ್ನು ತೆಗೆದು ಆ ಜಾಗದಲ್ಲಿ ಒಂದಷ್ಟು ಮಕ್ಕಳ ಪುಸ್ತಕ ಇಟ್ಟರು. ನಾನು ಪುಸ್ತಕ ತೆಗೆದು ಸ್ವೆಟರ್ ಇಟ್ಟೆ. ಅವರು ಮತ್ತೆ ಬದಲಿಸಿದರು. ‘ಸ್ವೆಟರ್ ನಿಮ್ಮೂರಲ್ಲೂ ಸಿಗುತ್ತದೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮಕ್ಕಳಿಲ್ಲದ ಅವಳ ಮನೆಯಲ್ಲಿ ಇವು ಯಾಕಿವೆ ಎಂದು ಕೇಳಿದೆ. ಮೊದಲು ಬಂದಾಗ ಅವಳು ಡಚ್ ಕಲಿತದ್ದೇ ಇವುಗಳಿಂದ, ಗ್ರಂಥಾಲಯದವರು ಬೇಡವೆಂದು ತೆಗೆದುಹಾಕಿದ್ದನ್ನು ತಾನೇ ತಂದುಕೊಟ್ಟಿದ್ದೆ ಎಂದರು. ಅವಳ ಬಾಡಿಗೆ ಮನೆ ಇನ್ನೂ ಅವಳ ಹೆಸರಿನಲ್ಲೇ ಇತ್ತು. ಅದರ ಬೀಗದ ಕೈಯನ್ನು ಅವರ ಬಳಿಯೇ ಬಿಟ್ಟು ಬಂದೆವು.

ಮೊದಲ ತಿಂಗಳು ಮನೆಗೆ ಜನ ಬರುತ್ತಲೇ ಇದ್ದರು. ಅಮ್ಮ ಹುಟ್ಟಿದ್ದು ನಾಯಂಡಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ. ಆ ಕಡೆಯ ನೆಂಟರೆಲ್ಲ ಹತ್ತಿರದಲ್ಲೇ ಇದ್ದಾರೆ. ಸೇಬು, ಎಳನೀರು, ಹಾರ್ಲಿಕ್ಸ್ ಹಿಡಿದು ಬಂದವರೆಲ್ಲ ತಂಗಿಯ ಎದುರು ಕುರ್ಚಿ ಎಳೆದುಕೊಂಡು ಒಂದೇ ಪರೀಕ್ಷೆ ಇಡುತ್ತಿದ್ದರು.

‘ನಾನ್ಯಾರು ಹೇಳು ನೋಡೋಣ?’

ತಂಗಿ ಮುಖ ನೋಡುತ್ತಿದ್ದಳು.

‘ಗೊತ್ತಾಗ್ಲಿಲ್ವಾ? ನಮ್ಮನೆ ಸೀಬೆಮರ ಹತ್ತಿ ಬಿದ್ದಿದ್ಯಲ್ಲ, ಆ ಅತ್ತೆ ಕಣೇ ನಾನು!’ ಒಬ್ಬರು ಬೀದಿಗೆ ಕೇಳುವಂತೆ ಕೂಗಿದರು.

‘ಕಿವಿ ಚೆನ್ನಾಗಿ ಕೇಳುತ್ತೆ ಅತ್ತೆ, ಮೆತ್ತಗೆ ಮಾತಾಡಿ’ ಎಂದೆ.

‘ಕೇಳಿದ್ರೆ ಹೇಳ್ಬೇಕಾಗಿತ್ತಲ್ಲ?’

‘ಯಾ’ ಎಂದಳು ತಂಗಿ.

‘ನೋಡಿ, ನೋಡಿ! ಗುರ್ತು ಹಿಡಿದ್ಲು! ನೀವು ಸುಮ್ನೆ ಏನೇನೋ ಹೇಳ್ತೀರಿ.’

ಯಾ ಅಂದರೆ ಡಚ್‌ನಲ್ಲಿ ಹೌದು. ಯಾರು ಏನು ಕೇಳಿದರೂ ಅವಳು ಆಗ ಹಾಗೇ ಅನ್ನುತ್ತಿದ್ದಳು. ಅತ್ತೆ ಸಮಾಧಾನದಿಂದ ಹೋದರು. ಜುಲೈ ಹೊತ್ತಿಗೆ ಗೇಟಿನ ಸದ್ದು ಕೇಳಿದ ಕೂಡಲೇ ತಂಗಿ ಕಣ್ಣು ಮುಚ್ಚಿಕೊಳ್ಳಲು ಕಲಿತಳು. ಬಂದವರು ಮಲಗಿದ್ದಾಳೆ ಅಂದುಕೊಂಡು ಹಣೆ ಮುಟ್ಟಿ ಹೋಗುತ್ತಿದ್ದರು.

ಅಮ್ಮನ ನಂಬಿಕೆ ಅಡುಗೆಯ ಮೇಲಿತ್ತು. ಫೋನಿನಲ್ಲಿ ತಂಗಿ ಆಸೆಪಟ್ಟು ಕೇಳುತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಮಾಡಿದರು. ಮುದ್ದೆ, ಬಸ್ಸಾರು, ಹುರುಳಿಕಾಳಿನ ಉಪ್ಸಾರು. ತಟ್ಟೆ ಮುಂದಿಟ್ಟು ‘ಇದೇನು ಹೇಳು? ಮು... ಮು...’ ಎಂದು ಬಾಯಿ ತೆರೆದು ಕಾಯುತ್ತಿದ್ದರು. ತಂಗಿ ಎಡಗೈಯಲ್ಲಿ ಮುರಿದು ನುಂಗುತ್ತಿದ್ದಳು. ಹೆಸರು ಬರುತ್ತಿರಲಿಲ್ಲ.

ಬಸವೇಶ್ವರನಗರದಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟ್ ಸಿಕ್ಕರು. ಮೂವತ್ತರ ಆಸುಪಾಸಿನ ಹುಡುಗಿ. ಪರೀಕ್ಷೆ ಮುಗಿಸಿ ಹೊರಗೆ ಬಂದು ನೇರವಾಗಿ ಹೇಳಿದರು:

‘ಮೇಡಂ, ಕನ್ನಡ ಸ್ವಲ್ಪ ಅರ್ಥ ಆಗ್ತಿರಬಹುದು. ಎಷ್ಟು ಅಂತ ನಾನು ಗ್ಯಾರಂಟಿ ಕೊಡಲ್ಲ. ಬಾಯಿಗೆ ಬರ್ತಿರೋದು ಡಚ್. ಉಳಿದಿರೋ ಭಾಷೇಲೇ ಕೆಲಸ ಶುರು ಮಾಡ್ಬೇಕು. ನಂಗೆ ಡಚ್ ಬರಲ್ಲ.’

‘ಮತ್ತೆ?’

‘ಮನೇಲಿ ಯಾರಾದ್ರೂ ಕಲೀರಿ. ಮಕ್ಕಳ ಪುಸ್ತಕ ಇದ್ರೆ ಒಳ್ಳೇದು. ಒಂದು ಪುಟಕ್ಕೆ ಒಂದು ಚಿತ್ರ, ಒಂದು ಸಾಲು. ಇಬ್ರಿಗೂ ಅಷ್ಟೇ ಸಾಕು.’

ಆಟೋದಲ್ಲಿ ಬರುವಾಗ ಅಮ್ಮ ಸಿಟ್ಟಾಗಿದ್ದರು. ‘ಅವಳಿಗೆ ಕನ್ನಡ ಕಲಿಸ್ತಾರೆ ಅಂತ ಕರ್ಕೊಂಡ್ಹೋದ್ರೆ ನಿಂಗೆ ಆ ಭಾಷೆ ಕಲಿ ಅಂತಾಳಲ್ಲ. ಇದ್ಯಾವ ಸೀಮೆ ಡಾಕ್ಟ್ರು!’

ಹೀಗೆ ಅರವತ್ತು ದಾಟಿದ ಮೇಲೆ ನಾನು ಡಚ್ ಕಲಿಯಲು ಕೂತೆ. ಸೂಟ್‌ಕೇಸಿನ ಪುಸ್ತಕಗಳನ್ನು ಹಾಲ್‌ನ ಶೆಲ್ಫಿಗೆ ಜೋಡಿಸಿದೆ. ಬೆಳಗಿನ ತಿಂಡಿ ಮುಗಿದ ಮೇಲೆ ಇಬ್ಬರೂ ಕಿಟಕಿಯ ಪಕ್ಕ ಕೂರುವುದು, ನಾನು ಗಟ್ಟಿಯಾಗಿ ಓದುವುದು, ಅವಳು ಕೇಳುವುದು. ಉಚ್ಚಾರಣೆಯನ್ನು ಮೊದಲು ಫೋನಿನಲ್ಲಿ ಕೇಳಿಕೊಂಡು ಬರುತ್ತಿದ್ದೆ. ಆದರೂ ತಪ್ಪುತ್ತಿತ್ತು. ತಪ್ಪಿದಾಗ ತಂಗಿ ಎಡಗೈಯ ಬೆರಳಿನಿಂದ ಮೇಜನ್ನು ಒಮ್ಮೆ ತಟ್ಟುತ್ತಿದ್ದಳು. ತಾನೇ ಹೇಳಲಾಗದ ಪದವನ್ನು ನಾನು ತಪ್ಪು ಹೇಳಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು.

ಮೊದಲು ತೆಗೆದದ್ದು ಒಂದು ಮೇಕೆಯ ಕಥೆ. ಮೇಕೆಗೆ ಅವರು ‘ಖೇಯ್ಟ್’ ಎನ್ನುತ್ತಾರೆ, ಗಂಟಲಿನ ಆಳದಿಂದ ಕೆರೆದು ತೆಗೆಯಬೇಕು. ನಾನು ಹೇಳಿದೆ. ಮೇಜು ತಟ್ಟಿದಳು. ಮತ್ತೆ ಹೇಳಿದೆ, ಮತ್ತೆ ತಟ್ಟಿದಳು. ಐದಾರು ಸಲ ಆದ ಮೇಲೆ ಅಡುಗೆಮನೆಯಿಂದ ಅಮ್ಮ ಕೂಗಿದರು: ‘ಕಫ ಕಟ್ಟಿದ್ರೆ ಕಷಾಯ ಮಾಡಿಕೊಡ್ತೀನಿ ಕಣೇ, ಹಂಗೆ ಕೆರ್ಕೋಬೇಡ!’ ತಂಗಿ ನಕ್ಕಳು. ಊರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾತು ಅರ್ಥವಾಗಿ ನಕ್ಕಳೋ, ನನ್ನ ಮುಖ ನೋಡಿ ನಕ್ಕಳೋ, ತಿಳಿಯಲಿಲ್ಲ.

ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ ಬರಹ ಇತ್ತು. ಇಪ್ಪತ್ತು ವರ್ಷದ ಹಿಂದೆ ತಂಗಿ ಕನ್ನಡದಲ್ಲಿ ಬರೆದುಕೊಂಡ ಅರ್ಥಗಳು. ನಿಘಂಟಿನ ಅರ್ಥಗಳಲ್ಲ, ತನಗೆ ತಾನು ಹೇಳಿಕೊಂಡವು. ರಬ್ಬರ್ ಬೂಟಿನ ಚಿತ್ರದ ಪಕ್ಕ, ‘ಪಾಲಿಹೌಸ್‌ನಲ್ಲಿ ಹಾಕ್ತಿದ್ದದ್ದು’. ಸಕ್ಕರೆಪುಡಿ ಉದುರಿಸಿದ ಸಣ್ಣ ಗುಂಡನೆಯ ತಿಂಡಿಯ ಪಕ್ಕ, ‘ಪಡ್ಡು, ಆದ್ರೆ ಸಿಹಿ’. ಸಮುದ್ರಕ್ಕೆ ಕಟ್ಟಿದ ದಿಬ್ಬದ ಪಕ್ಕ, ‘ಕೆರೆ ಏರಿ ಥರ. ನೀರು ಮೇಲಿದೆ, ಊರು ಕೆಳಗಿದೆ’. ಕೆಲವು ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ಬೇರೆ ಪೆನ್ಸಿಲಿನಲ್ಲಿ ಉತ್ತರ ಬರೆದಿದ್ದಳು. ನಾನು ಡಚ್ ಕಲಿತದ್ದು ಫೋನಿಗಿಂತ ಹೆಚ್ಚಾಗಿ ಈ ಅಂಚುಗಳಿಂದ.

ಒಂದು ದಿನ ಅವಳಿಗೆ ಆ ಬರಹ ತೋರಿಸಿದೆ. ಅಕ್ಷರದ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ಬೆರಳನ್ನು ಚಿತ್ರದ ಮೇಲಿಟ್ಟು, ಪುಟ ತಿರುಗಿಸು ಎನ್ನುವಂತೆ ಕಾದಳು. ಥೆರಪಿಸ್ಟ್‌ಗೆ ಇದನ್ನು ಹೇಳಿದೆ. ಅವರು ಬರೆದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಎಲ್ಲ ಪುಸ್ತಕಗಳ ಸಾಲುಗಳೂ ಬಾಯಿಗೆ ಬಂದಿದ್ದವು. ಅದೇ ಸುಮಾರಿಗೆ ತಂಗಿ ಒಂದು ಹೊಸ ಕ್ರಮ ಹಿಡಿದಳು. ಅವಳಿಗೆ ಒಂದೊಂದು ಪದ ಬರುತ್ತಿತ್ತು, ವಾಕ್ಯ ಕಟ್ಟಲು ಆಗುತ್ತಿರಲಿಲ್ಲ. ಹಾಗಾಗಿ ಬೇಕಾದ ವಾಕ್ಯ ಯಾವ ಪುಸ್ತಕದಲ್ಲಿದೆಯೋ ಆ ಪುಸ್ತಕ ತಂದು, ಪುಟ ತೆಗೆದು, ಸಾಲಿನ ಮೇಲೆ ಬೆರಳಿಡುವುದು. ಯಾವ ಪುಸ್ತಕದ ಯಾವ ಪುಟದಲ್ಲಿ ಏನಿದೆ ಎಂಬುದು ಅವಳಿಗೆ ನೆನಪಿತ್ತು.

ಮೊದಲು ತಂದದ್ದು ಒಬ್ಬ ಅಜ್ಜಿ ಕಾಫಿ ಕುಡಿಯುವ ಪುಟ. ‘ಅಜ್ಜಿಗೆ ಕಪ್ಪು ಕಾಫಿ ಇಷ್ಟ’ ಎಂದು ಸಾಲು. ಅಮ್ಮ ಮೂರು ತಿಂಗಳಿಂದ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದರು.

‘ಹಾಲಿಲ್ಲದೆ ಬರೀ ಡಿಕಾಕ್ಷನ್ ಬೇಕಂತೆ ಅಮ್ಮ.’

‘ಬರೀ ಡಿಕಾಕ್ಷನ್ನಾ? ಕರುಳು ಸುಟ್ಟೋಗಲ್ವಾ?’

‘ಅವಳು ಅಲ್ಲಿ ಅದೇ ಕುಡೀತಿದ್ಲೇನೋ.’

‘ಇಷ್ಟು ದಿನ ನಾನು ಕೊಟ್ಟಿದ್ದು ಇಷ್ಟ ಇಲ್ದೇ ಕುಡುದ್ಲಾ ಹಂಗಾದ್ರೆ?’ ಅಮ್ಮ ಲೋಟ ಹಿಡಿದು ನಿಂತರು.

ಆಮೇಲೆ ಮಳೆಯ ಪುಟ ತಂದಳು. ಮಗುವೊಂದು ಬೂಟು ಹಾಕಿ ಮಳೆಯಲ್ಲಿ ಹೊರಡುವ ಚಿತ್ರ. ಹೊರಗೆ ಮಳೆ ಬರುತ್ತಿತ್ತು. ತೋಳು ಹಿಡಿದು ಬೀದಿಯ ಕೊನೆಯ ತರಕಾರಿ ಅಂಗಡಿಯವರೆಗೆ ಕರೆದುಕೊಂಡು ಹೋದೆ. ಕೊಡೆಯಿಂದ ಪಕ್ಕಕ್ಕೆ ಸರಿದು ಮುಖ ಮೇಲೆತ್ತಿದಳು. ಅಂಗಡಿಯವರು ‘ಆಂಟಿ, ಶೀತ ಆಗುತ್ತೆ, ಒಳಗಡೆ ನಿಂತ್ಕೊಳಿ’ ಎಂದರು. ‘ನೇ’ ಎಂದಳು. ಅಂದರೆ ಬೇಡ. ಎಲ್ಲದಕ್ಕೂ ‘ಯಾ’ ಅನ್ನುತ್ತಿದ್ದವಳು ‘ನೇ’ ಅಂದದ್ದನ್ನು ನಾನು ಆಗ ಗಮನಿಸಿದೆ.

ಮೇಕೆಯ ಕಥೆ ಹೀಗಿದೆ. ದಿಬ್ಬದ ಪಕ್ಕದ ಹರಕುಮುರುಕು ಕೊಟ್ಟಿಗೆಯಲ್ಲಿ ಒಂದು ಮೇಕೆ ಇರುತ್ತದೆ. ಒಂದು ಚಳಿಗಾಲ ಅದರ ಕಾಲಿಗೆ ಪೆಟ್ಟಾಗುತ್ತದೆ. ಊರಿನ ಒಳ್ಳೆಯ ಜನ ಅದನ್ನು ತಮ್ಮ ಮನೆಗೆ ತರುತ್ತಾರೆ. ಶಾಲು ಹೊದಿಸುತ್ತಾರೆ, ಕೇಕು ಕೊಡುತ್ತಾರೆ, ಒಲೆಯ ಪಕ್ಕ ಮಲಗಿಸುತ್ತಾರೆ. ಮೇಕೆ ದಿನವೂ ಎದ್ದು ಹೋಗಿ ಬಾಗಿಲ ಬಳಿ ನಿಲ್ಲುತ್ತದೆ. ಆ ಪುಟದಲ್ಲಿ ಎರಡೇ ಸಾಲು: ‘ಮೇಯ್ನ್ ಸ್ಟಾಲ್ ಇಸ್ ಕ್ಲೇಯ್ನ್. ಮಾರ್ ಹೇಯ್ ಇಸ್ ಫಾನ್ ಮೇಯ್.’ ನನ್ನ ಕೊಟ್ಟಿಗೆ ಚಿಕ್ಕದು. ಆದರೆ ಅದು ನನ್ನದು.

ಅಮ್ಮನಿಗೆ ಚಿತ್ರ ತೋರಿಸಿ ಕಥೆ ಹೇಳಿದ್ದೆ. ನಾಯಂಡಹಳ್ಳಿಯಲ್ಲಿ ಮೇಕೆ ಸಾಕಿದ ಮನೆಯವರು ಅವರು. ‘ಮೇಕೆಗೆ ಕೇಕ್ ಕೊಡ್ತಾರಾ ಯಾರಾದ್ರೂ? ಹೊಟ್ಟೆ ಉಬ್ಬರಿಸ್ಕೊಂಡು ಸಾಯುತ್ತೆ ಅಷ್ಟೇ. ಬರ್ದೋನಿಗೆ ಮೇಕೆ ಗೊತ್ತಿಲ್ಲ ಬಿಡು’ ಎಂದಿದ್ದರು.

ಆ ಪುಸ್ತಕವನ್ನು ತಂಗಿ ಎಷ್ಟೋ ಸಲ ತಂದಿದ್ದಳು. ಪುಟ ತೆಗೆದು ಇಡುತ್ತಿದ್ದಳು. ನಾನು ಓದುತ್ತಿದ್ದೆ. ಕಥೆ ಇಷ್ಟವಾಗಿರಬೇಕು ಎಂದುಕೊಳ್ಳುತ್ತಿದ್ದೆ. ಕಾಫಿಯ ಪುಟವನ್ನು ಕಾಫಿ ಬೇಕೆಂದು ಓದಿದವಳು ಈ ಪುಟವನ್ನು ಕಥೆಯೆಂದೇ ಓದಿದೆ.

ಡಿಸೆಂಬರಿನಲ್ಲಿ, ಅವರೆಕಾಯಿ ಬಂದ ಮೇಲೆ, ಕೆಂಗೇರಿಯಿಂದ ಮಾಮ ಮೆಟ್ರೋದಲ್ಲಿ ಒಂದು ಚೀಲ ಹೊತ್ತು ಬಂದರು. ಎಪ್ಪತ್ತೈದರ ಗಟ್ಟಿ ಮನುಷ್ಯ. ಇದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಮನೆ ಬಿಡುವುದು, ಹಿಡಿಯುವುದು ಅವರಿಗೆ ದಿನದ ವ್ಯವಹಾರ. ಅವರೆಕಾಯಿ ಬಿಡಿಸುತ್ತ ಕೂತಾಗ ಮಾತು ಎತ್ತಿದರು.

‘ಆ ದೇಶದ ಮನೆ ಇನ್ನೂ ಯಾಕಮ್ಮ ಇಟ್ಕೊಂಡಿದೀರ? ಬೀಗ ಕೊಟ್ಟು ಮುಗಿಸಿ. ಇನ್ನೇನು ಹೋಗ್ತಾಳಾ ಅವ್ಳು?’

‘ಅವಳನ್ನ ಒಂದ್ಸಲ ಕೇಳ್ಬೇಕು ಮಾಮ. ಬಿಟ್ಟುಕೊಟ್ರೆ ಮತ್ತೆ ಸಿಗಲ್ವಂತೆ. ಅಲ್ಲಿ ಮನೆ ಸಿಗೋದು ಕಷ್ಟ.’

‘ಕೇಳೋದೇನಿದೆ? ಅವ್ಳಿಗೆ ನಾನೇ ಯಾರು ಅಂತ ಗೊತ್ತಿಲ್ಲ!’

‘ನೀವ್ಯಾರು ಅಂತ ಗೊತ್ತು. ಹೇಳೋಕೆ ಬರಲ್ಲ ಅಷ್ಟೇ.’

‘ಅಕ್ಕ, ನಿನ್ನ ದೊಡ್ಡ ಮಗ್ಳು ಪೇಪರ್‌ನೋರ ಬುದ್ಧಿ ಬಿಡಲ್ಲ’ ಎಂದರು ಮಾಮ ಅಮ್ಮನಿಗೆ. ಅಮ್ಮ ಅವರೆಕಾಯಿ ಬಿಡಿಸುತ್ತಲೇ ಇದ್ದರು.

ಅಲ್ಲಿನ ಪಕ್ಕದ ಮನೆಯವರಿಂದಲೂ ಅದೇ ವಾರ ಸಂದೇಶ ಬಂತು. ಖಾಲಿ ಬಿದ್ದ ಮನೆಯ ಬಗ್ಗೆ ಮಾಲೀಕ ಸಂಸ್ಥೆಯವರು ವಿಚಾರಿಸುತ್ತಿದ್ದಾರೆ, ಚಳಿಗಾಲ ಮುಗಿಯುವುದರೊಳಗೆ ಇರುತ್ತಾರೋ ಬಿಡುತ್ತಾರೋ ಹೇಳಬೇಕು ಎಂದು.

ಕೇಳುವ ಬಗೆಯನ್ನು ಥೆರಪಿಸ್ಟ್ ಹೇಳಿಕೊಟ್ಟರು. ಎರಡು ಫೋಟೋ ಇಡಿ. ಒಂದು ಅಲ್ಲಿನ ಮನೆ, ಒಂದು ಇಲ್ಲಿನದು. ಪ್ರಶ್ನೆ ಚಿಕ್ಕದಿರಲಿ. ಬೇರೆ ಬೇರೆ ದಿನ ಕೇಳಿ, ಎಡಬಲ ಬದಲಿಸಿ. ನಿಮ್ಮ ಮುಖದಲ್ಲಿ ಉತ್ತರ ಕಾಣಬಾರದು. ಈ ಕೊನೆಯದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರದಿಗಾರರಿಗೆ ಅದನ್ನೇ ಹೇಳಿ ಹೇಳಿ ನಿವೃತ್ತಳಾದವಳು ನಾನು.

ಮೊದಲ ದಿನ ಫೋಟೋಗಳನ್ನು ಮುಂದಿಟ್ಟೆ. ನೀನು ಎಲ್ಲಿರಬೇಕು, ಇಲ್ಲೋ ಅಲ್ಲೋ ಎಂದು ಅವಳ ಭಾಷೆಯಲ್ಲಿ ಕೇಳಿದೆ. ಎರಡನ್ನೂ ಪಕ್ಕಕ್ಕೆ ತಳ್ಳಿ ಕಣ್ಣು ಮುಚ್ಚಿದಳು, ಗೇಟಿನ ಸದ್ದಿಗೆ ಮುಚ್ಚುತ್ತಿದ್ದ ಹಾಗೆ. ಎರಡನೇ ಸಲವೂ ಹಾಗೇ ಆಯಿತು. ನೆಂಟರ ಪರೀಕ್ಷೆಯ ಸಾಲಿಗೆ ನನ್ನದನ್ನೂ ಸೇರಿಸಿದ್ದಳು.

ಮೂರನೇ ಸಲ ಕೇಳಿದಾಗ ಭಾನುವಾರ. ಮಾಮ ಬಂದಿದ್ದರು, ಅಮ್ಮ ಎದುರಿಗೆ ಕೂತಿದ್ದರು. ನಾನು ಫೋಟೋ ಇಟ್ಟು ಕೇಳಿದೆ. ತಂಗಿ ಫೋಟೋಗಳನ್ನು ನೋಡಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಕಾಲೆಳೆದುಕೊಂಡು ಶೆಲ್ಫಿಗೆ ಹೋದಳು. ಮೇಕೆಯ ಪುಸ್ತಕ ತಂದಳು. ಪುಟ ತೆಗೆದು ಫೋಟೋಗಳ ಮೇಲೆಯೇ ಇಟ್ಟು, ಎರಡು ಸಾಲಿನ ಮೇಲೂ ಬೆರಳು ಎಳೆದಳು. ಆಮೇಲೆ ಅದೇ ಕೈಯನ್ನು ಎದೆಗೆ ಇಟ್ಟುಕೊಂಡು ‘ಇಕ್’ ಎಂದಳು. ನಾನು.

‘ಏನ್ ಬರ್ದೈತಮ್ಮ ಅದ್ರಲ್ಲಿ?’ ಮಾಮ ಕೇಳಿದರು.

ಬರೆದದ್ದನ್ನು ಬರೆದ ಹಾಗೇ ಕನ್ನಡದಲ್ಲಿ ಹೇಳಿದೆ.

ಅಮ್ಮ ನನ್ನ ಕಡೆ ತಿರುಗಿದರು.

‘ನೀನು ಸರಿಯಾಗಿ ಓದ್ದೇನೇ? ನೀನೇ ಇನ್ನೂ ಕಲೀತಿರೋಳು. ಆರು ತಿಂಗಳಿಗೆ ನಿಂಗೆಷ್ಟು ಬಂದಿರುತ್ತೆ?’

ಅದು ಸರಿಯಾದ ಪ್ರಶ್ನೆ. ಒಬ್ಬರೇ ಹೇಳಿದ್ದನ್ನು ನಾವೂ ಅಚ್ಚಿಗೆ ಕೊಡುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಅಲ್ಲೇ ವಿಡಿಯೋ ಕರೆ ಮಾಡಿದೆ. ಅವರು ತಂಗಿಯನ್ನು ನಿಧಾನವಾಗಿ ಕೇಳಿದರು. ತಂಗಿ ಫೋನಿನ ಹತ್ತಿರ ಮುಖ ತಂದು, ಒಂದೊಂದೇ ಪದ ಎಳೆದು, ನಾವು ಯಾರೂ ಅವಳಿಂದ ಕೇಳಿರದಷ್ಟು ಉದ್ದ ಮಾತಾಡಿದಳು. ಕಿಟಕಿ ಎಂಬ ಪದ ನನಗೆ ಸಿಕ್ಕಿತು, ಸೈಕಲ್ ಎಂಬುದು ಸಿಕ್ಕಿತು, ನನ್ನ ಎಂಬುದು ಎರಡು ಮೂರು ಸಲ ಸಿಕ್ಕಿತು. ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ಅವಳಿಗೆ ತನ್ನ ಮನೆಗೆ ಹೋಗಬೇಕಂತೆ. ನೀವು ಒಳ್ಳೆಯವರಂತೆ.

ಆ ಹೆಂಗಸು ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ‘ನನಗೂ ವಯಸ್ಸಾಗಿದೆ. ನಾನು ಅವಳನ್ನು ನೋಡಿಕೊಳ್ಳಲಾರೆ. ಬೆಳಿಗ್ಗೆ ಕಾಫಿ ಕೊಡಬಲ್ಲೆ. ಮಂಚವನ್ನು ಕೆಳಗಿನ ಕೋಣೆಗೆ ತರಿಸಬಲ್ಲೆ. ಮನೆಗೆ ಬಂದು ಸ್ನಾನ ಮಾಡಿಸಿ ಹೋಗುವ ನರ್ಸ್‌ಗಳಿದ್ದಾರೆ, ಅದಕ್ಕೆ ಅರ್ಜಿ ಹಾಕಬೇಕು, ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.’ ಅದನ್ನೂ ಹಾಗೇ ಹೇಳಿದೆ.

‘ಬಿದ್ರೆ ಯಾರು ಎತ್ತೋರು?’ ಅಮ್ಮ ಕೇಳಿದರು.

ಮಾಮ ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ನಿಂತು ‘ಆ ಪುಸ್ತಕದ ಮಾತು ಕಟ್ಕೊಂಡು ಹೆಣ್ಮಗೂನ ದೇಶಾಂತರ ಕಳ್ಸಬೇಡ’ ಎಂದರು. ನನಗೆ ಹೇಳಿದರೋ ಅಮ್ಮನಿಗೋ ಸ್ಪಷ್ಟವಾಗಲಿಲ್ಲ.

ಮರುದಿನ ಶೆಲ್ಫಿನಲ್ಲಿ ಮೇಕೆಯ ಪುಸ್ತಕ ಇರಲಿಲ್ಲ.

ತಂಗಿ ಉಳಿದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೆಲಕ್ಕಿಟ್ಟಳು. ಶೆಲ್ಫ್ ಖಾಲಿಯಾದ ಮೇಲೆ ಹಿಂದೆ ಕೈ ಹಾಕಿ ನೋಡಿದಳು. ನಾನು ಮಂಚದ ಕೆಳಗೆ, ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಹುಡುಕಿದೆ. ಅಮ್ಮ ಅಡುಗೆಮನೆಯಲ್ಲಿದ್ದರು. ‘ಮೇಕೆ ಪುಸ್ತಕ ನೋಡಿದ್ರಾ ಅಮ್ಮ?’ ಎಂದೆ. ‘ನಿಮ್ಮ ಪುಸ್ತಕ ನಂಗ್ಯಾಕೆ?’ ಎಂದರು. ಅವರು ತಿರುಗಿ ನೋಡಲಿಲ್ಲ. ನಾನು ಇನ್ನೊಮ್ಮೆ ಕೇಳಲಿಲ್ಲ.

ಮುಂದಿನ ಕೆಲವು ವಾರ ಓದು ನಡೆಯಲಿಲ್ಲ. ಬೇರೆ ಪುಸ್ತಕ ತೆಗೆದರೆ ತಂಗಿ ಕೈಯಿಂದ ಮುಚ್ಚುತ್ತಿದ್ದಳು. ಕಾಫಿಗೂ ಪುಟ ತರಲಿಲ್ಲ. ಆ ಎರಡು ಸಾಲು ನನಗೆ ಬಾಯಿಪಾಠವಿತ್ತು, ಹೇಳಿದೆ. ಮೇಜು ತಟ್ಟಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಥೆರಪಿಸ್ಟ್ ಮನೆಗೆ ಬಂದು ನೋಡಿ, ಹೊಸದಾಗಿ ಬಂದಿದ್ದ ಪದಗಳೂ ಹಿಂದೆ ಹೋಗುತ್ತಿವೆ ಎಂದರು. ಅಮ್ಮ ಅದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರು.

ಜನವರಿ ಕೊನೆಯ ಒಂದು ಬೆಳಿಗ್ಗೆ ನಾನು ಮಾರುಕಟ್ಟೆಯಿಂದ ಬಂದಾಗ ತಂಗಿ ಮುಂಬಾಗಿಲಲ್ಲಿ ನಿಂತಿದ್ದಳು. ನಾನು ಹಾಕಿ ಹೋಗಿದ್ದ ಬೀಗ ತೆಗೆದು ಒಳಗೆ ಬಂದು, ಹೊರಗಿನ ಗ್ರಿಲ್‌ಗೆ ರೂಢಿಯಂತೆ ಮತ್ತೆ ಬೀಗ ಹಾಕಿದೆ. ಅಮ್ಮನ ಶಾಲನ್ನು ಹೆಗಲಿನ ಸುತ್ತ ಹೊದ್ದುಕೊಂಡಿದ್ದಳು, ಗ್ರಿಲ್‌ಗೆ ಹಣೆ ತಾಗುವಷ್ಟು ಹತ್ತಿರ ಇದ್ದಳು. ಅವಳ ಹಿಂದೆ ಅಮ್ಮ.

‘ಆವಾಗ್ಲಿಂದ ಹಿಂಗೇ ನಿಂತವ್ಳೆ’ ಎಂದರು ಅಮ್ಮ. ‘ಬಾರೇ, ಕಾಲು ನೋಯುತ್ತೆ. ಕೂತ್ಕೋ ಬಾ.’

‘ನೇ.’

‘ತಿಂಡಿ ತಿಂದು ನಿಂತ್ಕೋ.’

‘ನೇ.’

ಅಮ್ಮ ಅವಳ ಹೆಗಲಿನ ಶಾಲನ್ನು ನೋಡಿದರು. ಪುಸ್ತಕದ ಚಿತ್ರದಲ್ಲಿ ಮೇಕೆಯ ಮೇಲಿದ್ದದ್ದೂ ಅಂಥದ್ದೇ. ಅವರಿಗೆ ಆ ಚಿತ್ರ ಗೊತ್ತಿತ್ತು. ಒಳಗೆ ಹೋದರು. ದೇವರ ಮನೆಯ ಗೂಡಿನಲ್ಲಿದ್ದ ಎಣ್ಣೆ ಡಬ್ಬಿಗಳ ಹಿಂದಿನಿಂದ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. ಒಂದು ಮೂಲೆಗೆ ಎಣ್ಣೆ ಹತ್ತಿತ್ತು.

‘ಪೂರ್ತಿ ಓದು. ಅವತ್ತು ಅರ್ಧಕ್ಕೇ ಬಿಟ್ಟಿದ್ದೆ. ಕೊನೆಗೆ ಏನಾಯ್ತು ಅದಕ್ಕೆ?’

ಬಾಗಿಲ ಬಳಿಯೇ ನಿಂತು ಓದಿದೆ. ಒಂದು ಸಾಲು ಡಚ್, ಒಂದು ಸಾಲು ಕನ್ನಡ. ‘ಖೇಯ್ಟ್’ ಎಂಬಲ್ಲಿ ತಂಗಿ ಗ್ರಿಲ್ಲನ್ನು ಒಮ್ಮೆ ತಟ್ಟಿದಳು. ನಾನು ತಿದ್ದಿ ಓದಿದೆ. ಹಿಮ ಕರಗುತ್ತದೆ. ಮನೆಯವರು ಬಾಗಿಲು ತೆಗೆಯುತ್ತಾರೆ. ಮೇಕೆ ಕುಂಟುತ್ತಾ ದಿಬ್ಬದ ಮೇಲೆ ಹೋಗುತ್ತದೆ. ಶಾಲು ಅದರ ಬೆನ್ನ ಮೇಲೆಯೇ ಇದೆ. ಕೊನೆಯ ಚಿತ್ರದಲ್ಲಿ ಅದು ತನ್ನ ಕೊಟ್ಟಿಗೆಯಲ್ಲಿ ಮಲಗಿದೆ.

‘ಕಾಲು ವಾಸಿ ಆಗಿತ್ತಾ?’

‘ಇಲ್ಲ. ಕುಂಟುತ್ತಾನೇ ಹೋಗುತ್ತೆ.’

‘ಮುಂದಿನ ಚಳಿಗೆ ಮತ್ತೆ ಬಂತಾ?’

‘ಅದು ಪುಸ್ತಕದಲ್ಲಿಲ್ಲ ಅಮ್ಮ.’

ಅಮ್ಮ ಸೆರಗಿನಿಂದ ಪುಸ್ತಕದ ಎಣ್ಣೆ ಒರೆಸಿದರು. ಹೋಗಲಿಲ್ಲ ಆ ಕಲೆ. ‘ಬೀಗದ ಕೈ ಎಲ್ಲಿಟ್ಟೆ?’ ಎಂದು ಕೇಳಿದರು. ಕೊಟ್ಟೆ. ಗ್ರಿಲ್ ತೆಗೆದು, ಮಗಳ ಎಡತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋಗಿ, ಮತ್ತೆ ಒಳಗೆ ಕರೆತಂದರು. ಅಂದಿನಿಂದ ಹಗಲು ಹೊತ್ತಿನಲ್ಲಿ ಗ್ರಿಲ್‌ಗೆ ಬೀಗ ಹಾಕಿಲ್ಲ.

ಫೆಬ್ರವರಿಯಲ್ಲಿ ಅಲ್ಲಿನ ಮನೆ ಬಿಡುವುದಿಲ್ಲವೆಂದು ತಿಳಿಸಿದೆವು. ಮಾಮನಿಗೆ ಅಮ್ಮನೇ ಫೋನ್ ಮಾಡಿ ಹೇಳಿದರು. ಆಮೇಲೆ ಮಾಮ ಮನೆಗೆ ಬಂದಿಲ್ಲ, ಯಾರದೋ ಕೈಯಲ್ಲಿ ಒಂದು ಚೀಲ ತೊಗರಿಕಾಯಿ ಕಳಿಸಿದ್ದಾರೆ. ಮಾರ್ಚ್‌ನಲ್ಲಿ ಇಲ್ಲಿನ ನರರೋಗ ತಜ್ಞರು ಪ್ರಯಾಣ ಮಾಡಬಹುದು ಎಂದರು. ಒಬ್ಬಳೇ ಇರಬಹುದೇ ಎಂದು ಕೇಳಿದಾಗ, ಅದನ್ನು ಅಲ್ಲಿಯವರು ನೋಡಿ ಹೇಳಬೇಕು ಎಂದರು.

ಈಗ ದಿನದ ಓದಿಗೆ ಮೂವರು ಕೂರುತ್ತೇವೆ. ಅಮ್ಮ ಕಪ್ಪು ಕಾಫಿಯ ಲೋಟ ತಂದಿಟ್ಟು, ‘ಬಿಸಿ ಇದೆ, ನಿಧಾನ’ ಎಂದು ಕನ್ನಡದಲ್ಲೇ ಹೇಳುತ್ತಾರೆ. ತಂಗಿ ‘ಯಾ’ ಎನ್ನುತ್ತಾಳೆ. ಕನ್ನಡದ ಒಂದು ಪದವೂ ಅವಳಿಗೆ ವಾಪಸ್ ಬಂದಿಲ್ಲ.

ಏಪ್ರಿಲ್ ಕೊನೆಗೆ ಎರಡು ಟಿಕೆಟ್ ಆಗಿದೆ. ವಾಪಸ್ ಪ್ರಯಾಣ ನನ್ನದಕ್ಕೆ ಮಾತ್ರ ಇದೆ. ಪಕ್ಕದ ಮನೆಯವರು ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿರುವ ಫೋಟೋ ಕಳಿಸಿದ್ದಾರೆ. ಮನೆಗೆ ಬರುವ ನರ್ಸ್‌ಗಾಗಿ ಹಾಕಿದ ಅರ್ಜಿಗೆ ಇದನ್ನು ಬರೆಯುವ ದಿನದವರೆಗೆ ಉತ್ತರ ಬಂದಿಲ್ಲ.